ಎಣಿಕೆಯ ಭಯ: ಸರ್ವಾಧಿಕಾರಿಗಳೂ ಚುನಾವಣೆಯೂ

(ಶಾಲಾ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಯೊಂದು ನೂರು ವರ್ಷ ತುಂಬಿದ ಸಂತೋಷದ ಸಂದರ್ಭದಲ್ಲಿ ಸರ್ವಾಧಿಕಾರಿಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ವರ್ಷದ ಬಹುಪಾಲು ದಿನ ಶಾಲೆಯಾಗಿರುವ ಕಟ್ಟಡಗಳು ಕೆಲವು ವರ್ಷಗಳಿಗೊಮ್ಮೆ ಒಂದು ದಿನದ ಮಟ್ಟಿಗೆ ಮತಗಟ್ಟೆಗಳಾಗುತ್ತವೆ. ಬೆಂಚುಗಳು ಗೋಡೆಯ ಬದಿಗೆ ಸರಿಯುತ್ತವೆ. ಕರಿಹಲಗೆಯ ಪಕ್ಕದಲ್ಲಿ ರಟ್ಟಿನ ಮರೆಯೊಂದು ಎದ್ದು ನಿಲ್ಲುತ್ತದೆ. ನಿನ್ನೆಯವರೆಗೆ ಮಗ್ಗಿ ಹೇಳಿಸುತ್ತಿದ್ದ ಅಧ್ಯಾಪಕರು ಮತ್ತಾವುದೋ ಊರಿನ ಶಾಲೆಯಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕುಳಿತಿರುತ್ತಾರೆ. ನಾಡಿನ ಆಳುವವರನ್ನು ಆರಿಸುವ ಕಾರ್ಯವು ಅರಮನೆಯಲ್ಲಾಗಲಿ ಸೈನಿಕರ ಪಾಳೆಯದಲ್ಲಾಗಲಿ ನಡೆಯದೆ, ಅಕ್ಷರ ಕಲಿಸುವ ಕೊಠಡಿಯಲ್ಲಿ, ಅಕ್ಷರ ಕಲಿಸುವವರ ಕೈಯಿಂದಲೇ ನಡೆಯುತ್ತದೆ. ಇದು ಕೇವಲ ಅನುಕೂಲಕ್ಕಾಗಿ ಆದ ಏರ್ಪಾಡು ಎಂದು ನಾವು ಭಾವಿಸಿದ್ದೇವೆ. ಜಗತ್ತಿನ ಇತಿಹಾಸವನ್ನು ನೋಡಿದರೆ ಇದರಲ್ಲಿ ಇನ್ನೂ ದೊಡ್ಡ ಅರ್ಥವಿದೆಯೆಂದು ತೋರುತ್ತದೆ.

ಮೊದಲು ಒಂದು ಸೋಜಿಗವನ್ನು ತಮ್ಮ ಮುಂದಿಡುತ್ತೇನೆ. ಸರ್ವಾಧಿಕಾರಿ ಎಂದೊಡನೆ ಚುನಾವಣೆಯನ್ನೇ ರದ್ದುಪಡಿಸಿದವನು ಎಂಬ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ವಾಸ್ತವವಾಗಿ ಇಪ್ಪತ್ತನೆಯ ಶತಮಾನದ ಬಹುಮಂದಿ ಸರ್ವಾಧಿಕಾರಿಗಳು ಚುನಾವಣೆಗಳನ್ನು ನಡೆಸಿದವರೇ. ಇರಾಕಿನಲ್ಲಿ 2002ರ ಅಕ್ಟೋಬರ್ ತಿಂಗಳಲ್ಲಿ ಜನಮತಗಣನೆ ನಡೆಯಿತು. ಅಭ್ಯರ್ಥಿ ಸದ್ದಾಂ ಹುಸೇನ್ ಒಬ್ಬನೇ. ಅರ್ಹ ಮತದಾರರೆಲ್ಲರೂ ಮತ ಚಲಾಯಿಸಿದರು, ಶೇಕಡಾ 100 ಮಂದಿಯೂ ಒಪ್ಪಿಗೆ ನೀಡಿದರು ಎಂದು ಸರ್ಕಾರ ಘೋಷಿಸಿತು. ಒಂದು ಕೋಟಿಗೂ ಮಿಕ್ಕಿದ ಮತದಾರರಲ್ಲಿ ಆ ದಿನ ಒಬ್ಬನೂ ಕಾಯಿಲೆ ಬೀಳಲಿಲ್ಲ, ಒಬ್ಬನೂ ಸಾಯಲಿಲ್ಲ, ಒಬ್ಬನಿಗೂ ಭಿನ್ನಾಭಿಪ್ರಾಯ ಹುಟ್ಟಲಿಲ್ಲ! ಆಫ್ರಿಕಾದ ಲೈಬೀರಿಯಾದಲ್ಲಿ 1927ರಲ್ಲಿ ನಡೆದದ್ದು ಇದಕ್ಕಿಂತಲೂ ವಿಚಿತ್ರ. ಅಲ್ಲಿ ನೋಂದಾಯಿತ ಮತದಾರರು 15,000ದಷ್ಟೂ ಇರಲಿಲ್ಲ. ಗೆದ್ದ ಅಧ್ಯಕ್ಷ ಚಾರ್ಲ್ಸ್ ಕಿಂಗ್ ಅವರಿಗೆ ಬಿದ್ದ ಮತಗಳು ಎರಡು ಲಕ್ಷಕ್ಕೂ ಹೆಚ್ಚು.

ಸೋವಿಯತ್ ಒಕ್ಕೂಟದ ವಿಧಾನ ಇವೆರಡಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ದಶಕಗಳ ಕಾಲ ಮತಪತ್ರದಲ್ಲಿ ಒಂದೇ ಹೆಸರು ಇರುತ್ತಿತ್ತು. ಒಪ್ಪುವವನು ಚೀಟಿಯನ್ನು ಏನೂ ಗುರುತು ಹಾಕದೆ ನೇರವಾಗಿ ಪೆಟ್ಟಿಗೆಗೆ ಹಾಕಬಹುದು. ಒಪ್ಪದವನು ಆ ಹೆಸರನ್ನು ಹೊಡೆದು ಹಾಕಬೇಕು. ಅದಕ್ಕಾಗಿ ಮರೆಯೊಳಗೆ ಹೋಗಬೇಕು. ಗುಟ್ಟಾಗಿ ಮತ ಹಾಕಲು ಮರೆಯೇನೋ ಇತ್ತು. ಆದರೆ ಅದರೊಳಗೆ ಕಾಲಿಟ್ಟವನ ಗುಟ್ಟು ಕಾಲಿಟ್ಟ ಕ್ಷಣದಲ್ಲೇ ಬಯಲಾಗುತ್ತಿತ್ತು.

ಗೆಲುವು ಮೊದಲೇ ನಿಶ್ಚಿತವಾಗಿದ್ದರೆ ಇಷ್ಟೆಲ್ಲ ಶ್ರಮವೇಕೆ? ಇದಕ್ಕೆ ಮೂರು ಕಾರಣಗಳನ್ನು ಕಾಣಬಹುದು. ಮೊದಲನೆಯದು, ಬಲದಿಂದ ಹಿಡಿದ ಅಧಿಕಾರಕ್ಕೂ ಒಂದು ಯೋಗ್ಯತಾಪತ್ರ ಬೇಕು. ರಾಜನಿಗೆ ವಂಶವಿತ್ತು, ದೇವರ ಹೆಸರಿತ್ತು. ಅವೆರಡೂ ಇಲ್ಲದ ಈ ಕಾಲದ ಅಧಿಪತಿಗೆ ‘ಪ್ರಜೆಗಳು ನನ್ನನ್ನು ಒಪ್ಪಿದ್ದಾರೆ’ ಎಂಬ ಒಂದು ಕಾಗದವಾದರೂ ಬೇಕು. ಎರಡನೆಯದು, ಶೇಕಡಾ 99 ಎಂಬ ಅಂಕಿಯನ್ನು ಯಾರೂ ನಂಬುವುದಿಲ್ಲ ಎಂಬುದು ಅವನಿಗೂ ಗೊತ್ತು. ಆದರೆ ಆ ಅಂಕಿಯ ಉದ್ದೇಶ ನಂಬಿಸುವುದಲ್ಲ, ಒಂಟಿತನವನ್ನು ಹುಟ್ಟಿಸುವುದು. ‘ವಿರೋಧಿಸುವವನು ನಾನೊಬ್ಬನೇ’ ಎಂದು ಪ್ರತಿಯೊಬ್ಬನೂ ತನ್ನೊಳಗೆ ಅಂದುಕೊಳ್ಳಬೇಕು. ಮೂರನೆಯದು, ಯಾವ ಜಿಲ್ಲೆಯ ಅಧಿಕಾರಿ ಜನರನ್ನು ಎಷ್ಟು ಚೆನ್ನಾಗಿ ಸಾಲಿನಲ್ಲಿ ನಿಲ್ಲಿಸಿದ, ಯಾವ ಊರಿನಲ್ಲಿ ಗೊಣಗಾಟವಿದೆ ಎಂಬುದು ಈ ಆಚರಣೆಯಿಂದ ತಿಳಿಯುತ್ತದೆ.

ಹೀಗೆ ಸರ್ವಾಧಿಕಾರಿ ಮತದಾನಕ್ಕೆ ಹೆದರುವವನಲ್ಲ. ಅವನು ಹೆದರುವುದು ಎಣಿಕೆಗೆ. ಫಲಿತಾಂಶ ಏನಾಗುವುದೆಂದು ತನಗೆ ಮೊದಲೇ ತಿಳಿಯದ ಒಂದು ರಾತ್ರಿಗೆ ಅವನು ಹೆದರುತ್ತಾನೆ. ಸ್ವತಂತ್ರ ಚುನಾವಣೆಗೆ ಒಂದೇ ಲಕ್ಷಣವನ್ನು ಹೇಳಬೇಕಾದರೆ ಅದು ಇಷ್ಟೇ: ಆಳುವವನಿಗೂ ಆ ರಾತ್ರಿ ನಿದ್ದೆ ಬರಬಾರದು. ಆ ಒಂದು ರಾತ್ರಿಯನ್ನು ತಪ್ಪಿಸಿಕೊಳ್ಳಲು ಹೊರಟು, ಕೊನೆಗೂ ತಪ್ಪಿಸಿಕೊಳ್ಳಲಾಗದೆ ಹೋದ ಇಬ್ಬರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲನೆಯದು ದಕ್ಷಿಣ ಅಮೆರಿಕದ ಚಿಲಿ ದೇಶದ್ದು. 1973ರ ಸೆಪ್ಟೆಂಬರ್ 11ರಂದು ಜನರಲ್ ಆಗಸ್ಟೋ ಪಿನೊಶೆ ಮತ್ತು ಅವನ ಸಹ ಸೇನಾಧಿಪತಿಗಳು ಚುನಾಯಿತ ಸರ್ಕಾರವನ್ನು ಉರುಳಿಸಿದರು. ಸಂಸತ್ತು ಮುಚ್ಚಿತು, ಮತದಾರರ ಪಟ್ಟಿಗಳನ್ನು ನಾಶಪಡಿಸಲಾಯಿತು. 1978ರ ಆರಂಭದಲ್ಲಿ ಪಿನೊಶೆ ತನ್ನ ಪರವಾಗಿ ಒಂದು ಜನಮತಗಣನೆ ನಡೆಸಿದ. ಆ ಮತಪತ್ರದಲ್ಲಿ ‘ಹೌದು’ ಎಂಬುದರ ಜೊತೆಗೆ ರಾಷ್ಟ್ರಧ್ವಜದ ಚಿತ್ರವಿತ್ತು. ‘ಇಲ್ಲ’ ಎಂಬುದರ ಜೊತೆಗೆ ಕಪ್ಪು ಗುರುತು. 1980ರ ಸೆಪ್ಟೆಂಬರ್ 11ರಂದು, ಸೈನಿಕ ಕ್ರಾಂತಿಯ ಏಳನೆಯ ವರ್ಷದ ದಿನವೇ, ತನಗೆ ಬೇಕಾದ ಹೊಸ ಸಂವಿಧಾನಕ್ಕೆ ಜನರ ಒಪ್ಪಿಗೆ ಪಡೆದ. ಆಗ ಮತದಾರರ ಪಟ್ಟಿಯೇ ಇರಲಿಲ್ಲ. ಪಟ್ಟಿಯಿಲ್ಲದೆ ಎಣಿಕೆಗೆ ಅರ್ಥವೆಲ್ಲಿ?

ಆದರೆ ಆ ಸಂವಿಧಾನದಲ್ಲಿ ಅವನೇ ಬರೆಸಿದ್ದ ಒಂದು ನಿಯಮವಿತ್ತು. ಎಂಟು ವರ್ಷಗಳ ಬಳಿಕ, 1988ರಲ್ಲಿ, ಸೇನಾಧಿಪತಿಗಳು ಸೂಚಿಸಿದ ಒಬ್ಬ ಅಭ್ಯರ್ಥಿಯನ್ನು ಜನರು ‘ಹೌದು’ ಅಥವಾ ‘ಇಲ್ಲ’ ಎಂದು ತೀರ್ಮಾನಿಸಬೇಕು. ಅಭ್ಯರ್ಥಿ ಪಿನೊಶೆಯೇ ಎಂದು ಬೇರೆ ಹೇಳಬೇಕಾಗಿಲ್ಲ. ಈ ಸಲ ಮತದಾರರ ಪಟ್ಟಿ ಇರಲೇಬೇಕು, ಚುನಾವಣಾ ನ್ಯಾಯಮಂಡಳಿ ಕೆಲಸ ಮಾಡಲೇಬೇಕು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 1985ರಲ್ಲಿ ತೀರ್ಪು ನೀಡಿತು. ಪಟ್ಟಿ ತೆರೆದಾಗ 70 ಲಕ್ಷಕ್ಕೂ ಮಿಕ್ಕಿ ಜನ ತಮ್ಮ ಹೆಸರನ್ನು ನೋಂದಾಯಿಸಿದರು. ವಿರೋಧ ಪಕ್ಷಗಳಿಗೆ ಪ್ರತಿರಾತ್ರಿ ದೂರದರ್ಶನದಲ್ಲಿ 15 ನಿಮಿಷಗಳ ಅವಕಾಶ ದೊರೆಯಿತು. ಹದಿನೈದು ವರ್ಷಗಳ ಮೌನದ ನಂತರ ದೊರೆತದ್ದು ಹದಿನೈದು ನಿಮಿಷ! ಆದರೂ ಅದು ಸಾಲದೆ ಹೋಗಲಿಲ್ಲ.

ವಿರೋಧಿಗಳು ಮತದಾನದ ದಿನಕ್ಕಿಂತ ಎಣಿಕೆಯ ರಾತ್ರಿಗೆ ಹೆಚ್ಚಿನ ಸಿದ್ಧತೆ ಮಾಡಿಕೊಂಡಿದ್ದರು. ದೇಶದಾದ್ಯಂತ ಮತಗಟ್ಟೆಗಳಲ್ಲಿ ತಮ್ಮ ಪ್ರತಿನಿಧಿಗಳನ್ನು ಕೂರಿಸಿ, ಅಲ್ಲಿ ಎಣಿಸಿದ ಸಂಖ್ಯೆಯನ್ನು ಬರೆದುಕೊಂಡು ತಮ್ಮ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆ ಅದು. ಅಕ್ಟೋಬರ್ 5ರ ರಾತ್ರಿ ಸರ್ಕಾರವು ಕೆಲವೇ ಮತಗಟ್ಟೆಗಳ ಲೆಕ್ಕವನ್ನು ಹಿಡಿದು ‘ಹೌದು’ ಮುಂದಿದೆ ಎಂದು ಸಾರಿತು; ಅನಂತರ ತಾಸುಗಟ್ಟಲೆ ಮೌನ. ಅಷ್ಟರಲ್ಲಿ ವಿರೋಧಿಗಳ ಬಳಿ ನಿಜವಾದ ಲೆಕ್ಕ ಸಿದ್ಧವಾಗಿತ್ತು. ಮಧ್ಯರಾತ್ರಿ ಕಳೆದು ಅಧ್ಯಕ್ಷರ ಭವನದೊಳಗೆ ಹೋಗುತ್ತಿದ್ದ ವಾಯುಸೇನಾಧಿಪತಿ ಫರ್ನಾಂಡೊ ಮಾತ್ತೇಯ್, ‘ಇಲ್ಲ’ ಎಂಬ ಪಕ್ಷವೇ ಗೆದ್ದಿದೆಯೆಂದು ತನಗೆ ಸ್ಪಷ್ಟವಾಗಿದೆ ಎಂದು ಪತ್ರಕರ್ತರ ಮುಂದೆ ನುಡಿದ. ಪಿನೊಶೆಯ ಆಡಳಿತದ ಭಾಗವಾಗಿದ್ದವರೇ ಲೆಕ್ಕವನ್ನು ಒಪ್ಪಿದ ಮೇಲೆ ಅದನ್ನು ಅಳಿಸುವುದು ಅಸಾಧ್ಯವಾಯಿತು. ಸಿಂಧುವಾದ ಮತಗಳಲ್ಲಿ ಸುಮಾರು ಶೇಕಡಾ 56 ‘ಇಲ್ಲ’ ಎಂದಿದ್ದವು; 44 ‘ಹೌದು’. 1990ರ ಮಾರ್ಚ್ 11ರಂದು ಚುನಾಯಿತ ಅಧ್ಯಕ್ಷ ಪತ್ರೀಸಿಯೋ ಐಲ್ವಿನ್ ಅಧಿಕಾರ ವಹಿಸಿಕೊಂಡರು.

ಎರಡನೆಯ ಕಥೆ ಫಿಲಿಪ್ಪೀನ್ಸ್ ದ್ವೀಪಗಳದು. ಇದು ಅಧ್ಯಾಪಕ ಬಂಧುಗಳಿಗೆ ಹೆಚ್ಚು ಹತ್ತಿರದ ಕಥೆ. ಫರ್ಡಿನಾಂಡ್ ಮಾರ್ಕೋಸ್ 1965ರಲ್ಲಿ ಚುನಾವಣೆಯಲ್ಲಿ ಗೆದ್ದೇ ಅಧ್ಯಕ್ಷನಾದವನು. ಅವಧಿ ಮುಗಿಯುತ್ತ ಬಂದಾಗ, 1972ರಲ್ಲಿ, ಸೈನಿಕ ಕಾನೂನನ್ನು ಜಾರಿಗೆ ತಂದ. ಮರುವರ್ಷ ಹೊಸ ಸಂವಿಧಾನಕ್ಕೆ ಜನರ ಒಪ್ಪಿಗೆ ಬೇಕಾದಾಗ ಮತಪೆಟ್ಟಿಗೆಯನ್ನು ಬಿಟ್ಟು, ಊರೂರಿನ ಸಭೆಗಳಲ್ಲಿ ಜನರಿಂದ ಕೈ ಎತ್ತಿಸಿದ. ಸುತ್ತ ಬಂದೂಕುಗಳಿರುವಾಗ ಎತ್ತದೆ ಉಳಿಯುವ ಕೈ ಯಾವುದು?

1985ರ ನವೆಂಬರಿನಲ್ಲಿ, ತನ್ನ ಮೇಲೆ ಹೊರದೇಶಗಳ ಸಂಶಯ ಬೆಳೆಯುತ್ತಿರುವಾಗ, ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಮಾತನಾಡುತ್ತ ಅವಧಿಗೆ ಮೊದಲೇ ಚುನಾವಣೆ ನಡೆಸುವುದಾಗಿ ಮಾರ್ಕೋಸ್ ಘೋಷಿಸಿದ. ಎದುರಾಳಿಯಾಗಿ ನಿಂತವರು, 1983ರಲ್ಲಿ ವಿಮಾನ ನಿಲ್ದಾಣದಲ್ಲೇ ಕೊಲೆಯಾದ ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಅವರ ಪತ್ನಿ ಕೊರಾಜೋನ್ ಅಕಿನೊ. 1986ರ ಫೆಬ್ರವರಿ 7ರಂದು ಮತದಾನ ನಡೆಯಿತು. ಅಲ್ಲಿಯೂ ನಮ್ಮಲ್ಲಿಯಂತೆಯೇ ಶಾಲೆಗಳೇ ಮತಗಟ್ಟೆಗಳು. ಸರ್ಕಾರಿ ಶಾಲೆಗಳ ಅಧ್ಯಾಪಕರೇ ಮತಗಟ್ಟೆಯ ಅಧಿಕಾರಿಗಳು. ನಾಗರಿಕ ಸ್ವಯಂಸೇವಕರು ಅನೇಕ ಕಡೆ ಮತಪೆಟ್ಟಿಗೆಗಳ ಸುತ್ತ ಕೈಗೆ ಕೈ ಕೊಟ್ಟು ನಿಂತು ಕಾವಲು ಕಾದರು.

ಎರಡು ದಿನಗಳ ನಂತರ, ಫೆಬ್ರವರಿ 9ರ ರಾತ್ರಿ, ರಾಜಧಾನಿ ಮನಿಲಾದಲ್ಲಿ ಅಧಿಕೃತ ಎಣಿಕೆಯ ಕೇಂದ್ರದಲ್ಲಿ ಕಂಪ್ಯೂಟರುಗಳ ಮುಂದೆ ಕುಳಿತಿದ್ದ ಮೂವತ್ತಕ್ಕೂ ಹೆಚ್ಚು ಮಂದಿ ನೌಕರರು ಎದ್ದು ಹೊರನಡೆದರು. ಅವರಲ್ಲಿ ಬಹುಮಂದಿ ತರುಣಿಯರು. ತಮ್ಮ ಯಂತ್ರದಿಂದ ಬರುತ್ತಿದ್ದ ಸಂಖ್ಯೆಯೇ ಬೇರೆ, ಎದುರಿನ ಫಲಕದ ಮೇಲೆ ಮೂಡುತ್ತಿದ್ದ ಸಂಖ್ಯೆಯೇ ಬೇರೆ ಎಂಬುದನ್ನು ಅವರು ಕಂಡಿದ್ದರು. ಅವರು ಕ್ರಾಂತಿಕಾರಿಗಳಲ್ಲ, ಪಕ್ಷದ ಕಾರ್ಯಕರ್ತರೂ ಅಲ್ಲ. ಸಂಬಳಕ್ಕೆ ದುಡಿಯುವ ಲೆಕ್ಕದ ಜನ. ಹೊರಬಂದು ಒಂದು ಚರ್ಚಿನಲ್ಲಿ ಆಶ್ರಯ ಪಡೆದರು. ಮಾರ್ಕೋಸನ ಪರವಾಗಿದ್ದ ಸಂಸತ್ತು ಕೆಲವು ದಿನಗಳಲ್ಲಿ ಅವನನ್ನೇ ವಿಜಯಿಯೆಂದು ಸಾರಿತಾದರೂ ಆ ಘೋಷಣೆಯಲ್ಲಿ ಜೀವವಿರಲಿಲ್ಲ. ಫೆಬ್ರವರಿ 22ರಂದು ಸೈನ್ಯದ ಒಂದು ಭಾಗ ತಿರುಗಿ ನಿಂತಿತು. ಆ ಸೈನಿಕರನ್ನು ಕಾಪಾಡಲು ಲಕ್ಷಾಂತರ ಜನ ಹೆದ್ದಾರಿಗಿಳಿದರು. 25ರ ರಾತ್ರಿ ಮಾರ್ಕೋಸ್ ಅರಮನೆ ಬಿಟ್ಟು ಹೊರಟ. ಇಪ್ಪತ್ತು ವರ್ಷಗಳ ಆಳ್ವಿಕೆಯ ಕೊನೆ ಆರಂಭವಾದದ್ದು, ಕಂಡ ಸಂಖ್ಯೆಯನ್ನು ಬದಲಿಸಿ ಹೇಳಲಾರೆವು ಎಂದು ಕೆಲವರು ಕುರ್ಚಿಯಿಂದ ಎದ್ದಾಗ.

ಎಲ್ಲ ಕಡೆಯೂ ಸತ್ಯವೇ ಗೆಲ್ಲುತ್ತದೆ ಎಂಬ ಸಮಾಧಾನವನ್ನು ಕೊಟ್ಟು ಈ ಭಾಷಣವನ್ನು ಮುಗಿಸುವಂತಿಲ್ಲ. ನಮ್ಮ ನೆರೆಯ ಮ್ಯಾನ್ಮಾರಿನಲ್ಲಿ 1990ರ ಮೇ ತಿಂಗಳಲ್ಲಿ ಸೈನಿಕ ಸರ್ಕಾರವೇ ಚುನಾವಣೆ ನಡೆಸಿತು. ಆಂಗ್ ಸಾನ್ ಸೂ ಕಿ ಗೃಹಬಂಧನದಲ್ಲಿದ್ದರೂ ಅವರ ಪಕ್ಷ 392 ಸ್ಥಾನಗಳನ್ನು, ಅಂದರೆ ಐದರಲ್ಲಿ ನಾಲ್ಕು ಪಾಲನ್ನು, ಗೆದ್ದಿತು. ಮತ ಎಣಿಸಿದ ಸೇನೆ ಅಧಿಕಾರವನ್ನು ಮಾತ್ರ ಕೊಡಲಿಲ್ಲ. 2020ರ ನವೆಂಬರಿನಲ್ಲಿ ಅದೇ ಪಕ್ಷ ಮತ್ತೆ ಭಾರಿ ಬಹುಮತ ಪಡೆದಾಗ, 2021ರ ಫೆಬ್ರವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನವೇ ಸೇನೆ ಅಧಿಕಾರವನ್ನು ಕಸಿದುಕೊಂಡಿತು. ಎಣಿಕೆ ಸರಿಯಾಗಿದ್ದರೆ ಸಾಲದು, ಎಣಿಕೆಗೆ ತಲೆಬಾಗುವ ಸಂಸ್ಥೆಗಳೂ ಬೇಕು.

ಬೆಲಾರುಸ್ ದೇಶದ ಉದಾಹರಣೆಯಂತೂ ಅಧ್ಯಾಪಕರ ಸಭೆಯಲ್ಲಿ ಹೇಳಲು ಮುಜುಗರವಾಗುವಂಥದು, ಆದರೂ ಹೇಳಲೇಬೇಕು. 1994ರಿಂದ ಅಲೆಕ್ಸಾಂಡರ್ ಲುಕಾಶೆಂಕೊ ಆಳುತ್ತಿರುವ ಆ ದೇಶದಲ್ಲಿ ಮತಗಟ್ಟೆಗಳು ಹೆಚ್ಚಾಗಿ ಶಾಲೆಗಳಲ್ಲಿರುತ್ತವೆ; ಮತಗಟ್ಟೆಯ ಸಮಿತಿಗಳಲ್ಲಿ ಬಹುಪಾಲು ಶಿಕ್ಷಕರೇ ಇರುತ್ತಾರೆ, ಹಲವೆಡೆ ಶಾಲೆಯ ಮುಖ್ಯಸ್ಥರೇ ಸಮಿತಿಯ ಅಧ್ಯಕ್ಷರು. 2020ರ ಆಗಸ್ಟ್ 9ರ ಚುನಾವಣೆಯಲ್ಲಿ ಲುಕಾಶೆಂಕೊನಿಗೆ ಶೇಕಡಾ 80 ಮತ ಎಂದು ಘೋಷಣೆಯಾಯಿತು. ಆ ಸಂಜೆ ಕೆಲವು ಶಾಲೆಗಳ ಬಾಗಿಲಿಗೆ ಅಂಟಿಸಿದ ಲೆಕ್ಕದಲ್ಲಿ ಮಾತ್ರ ಎದುರಾಳಿ ಸ್ವೆತ್ಲಾನಾ ತಿಖಾನೋವ್‌ಸ್ಕಾಯಾ ಮುಂದಿದ್ದರು. ಅಂಥ ಕಾಗದಕ್ಕೆ ಸಹಿ ಹಾಕಿದ ಶಿಕ್ಷಕರೂ ಇದ್ದರು. ಸುಳ್ಳು ಕಾಗದಕ್ಕೆ ಸಹಿ ಹಾಕಿದ ಶಿಕ್ಷಕರೂ ಇದ್ದರು. ಸಹಿ ಹಾಕಿದ ಮರುತಿಂಗಳು ಅವರು ತರಗತಿಗೆ ಹೋಗಿ, ಲೆಕ್ಕ ತಪ್ಪಿದ ಮಗುವಿನ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಬೇಕಿತ್ತು. ಅವರ ಮೇಲಿದ್ದ ಒತ್ತಡವನ್ನು ದೂರದಲ್ಲಿ ಕುಳಿತು ಅಳೆಯುವುದು ಸಲ್ಲದು. ಆದರೆ ಸರ್ವಾಧಿಕಾರವು ಕೊನೆಗೆ ಯಾರ ಕೈಯನ್ನು ಹಿಡಿದು ಬರೆಸುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಅಧಿಪತಿ ತಾನೇ ಮತ ಎಣಿಸಲಾರ. ಅವನ ಸುಳ್ಳನ್ನು ಬರೆಯಲು ಅಕ್ಷರ ಬಲ್ಲ ಸಾವಿರಾರು ಕೈಗಳು ಬೇಕು.

ಇನ್ನು ನಮ್ಮ ದೇಶದ ಮಾತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆ ಸೇರಿದರು, ಪತ್ರಿಕೆಗಳ ಮೇಲೆ ನಿರ್ಬಂಧ ಬಿತ್ತು, ಲೋಕಸಭೆಯ ಅವಧಿಯನ್ನು ಎರಡು ಬಾರಿ ವಿಸ್ತರಿಸಲಾಯಿತು. 1977ರ ಜನವರಿ 18ರಂದು ಪ್ರಧಾನಿ ಇಂದಿರಾ ಗಾಂಧಿಯವರು ಚುನಾವಣೆಯನ್ನು ಘೋಷಿಸಿದರು. ಮಾರ್ಚಿನಲ್ಲಿ ಎಣಿಕೆಯಾದಾಗ ಅವರ ಪಕ್ಷ ಸೋತಿತು. ರಾಯಬರೇಲಿಯಲ್ಲಿ ಸ್ವತಃ ಅವರೂ ಸೋತರು. ಸೋಲನ್ನು ಒಪ್ಪಿ ರಾಜೀನಾಮೆ ಕೊಟ್ಟರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಅವರ ಪಕ್ಷವೂ, ಕೇರಳದ 20ಕ್ಕೆ 20ನ್ನೂ ಅವರ ಪಕ್ಷವಿದ್ದ ಒಕ್ಕೂಟವೂ ಗೆದ್ದವು. ಉತ್ತರದ ಜನ ಒಂದು ಬಗೆಯಲ್ಲಿ ತೀರ್ಮಾನಿಸಿದರು, ದಕ್ಷಿಣದವರು ಇನ್ನೊಂದು ಬಗೆಯಲ್ಲಿ. ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಅವರು ಲೋಕಸಭೆಗೆ ಮರಳಿದರು. ಆ ಇಪ್ಪತ್ತೊಂದು ತಿಂಗಳುಗಳ ಬಗ್ಗೆ ನಮ್ಮೊಳಗೆ ಅಭಿಪ್ರಾಯಭೇದ ಇರಬಹುದು. ಆದರೆ ಎಣಿಸಿದ ಸಂಖ್ಯೆಯನ್ನು ಯಾರೂ ತಿದ್ದಲಿಲ್ಲ, ಸೋತವರಿಗೆ ಮತ್ತೆ ಬರುವ ದಾರಿ ಮುಚ್ಚಲಿಲ್ಲ ಎಂಬುದನ್ನು ನೆನೆಯಲೇಬೇಕು. ನಿಜವಾದ ಎಣಿಕೆಯಲ್ಲಿ ದೇಶ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಒಂದೇ ದನಿ ಕೇಳಿಸಿದರೆ ಅದು ಜನರ ದನಿಯಲ್ಲ.

ನಮ್ಮ ಗಡಿನಾಡಿನಲ್ಲಿಯೇ ಎರಡು ನಿದರ್ಶನಗಳಿವೆ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಹೆಸರು ಒಂದೇ ಇತ್ತು, ಇರಾಕಿನಲ್ಲಿದ್ದಂತೆ. ಆದರೆ ಇಲ್ಲಿ ನಾಮಪತ್ರ ಸಲ್ಲಿಸುವ ಬಾಗಿಲು ಎಲ್ಲರಿಗೂ ತೆರೆದಿತ್ತು. ಅಲ್ಲಿ ಆ ಬಾಗಿಲೇ ಇರಲಿಲ್ಲ. ಅದೇ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ ಕೇವಲ 89 ಮತಗಳು. ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ! ಕೊನೆಯ ಸುತ್ತಿನವರೆಗೆ ಯಾರಿಗೂ ನಿದ್ದೆ ಬಾರದ ರಾತ್ರಿಯೆಂದರೆ ಇದೇ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದರಲ್ಲಿ ವಿಶೇಷವಾದ ಪಾಠವಿದೆ. ಕೇವಲ ಬಹುಮತದ ಲೆಕ್ಕವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಸಣ್ಣ ಸಮುದಾಯದ ಭಾಷೆಗೆ ರಕ್ಷಣೆಯಿಲ್ಲ. ಆದುದರಿಂದಲೇ ಸಂವಿಧಾನದಲ್ಲಿ ನಮ್ಮಂಥವರಿಗಾಗಿ 29 ಮತ್ತು 30ನೆಯ ವಿಧಿಗಳಿವೆ. ರಾಜ್ಯಗಳು ಮರುವಿಂಗಡಣೆಯಾದ 1956ರಲ್ಲಿ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯಕ್ಕಾಗಿ 350ಎ ವಿಧಿ ಸೇರಿತು. ಆದರೆ ಕಾಗದದ ಮೇಲಿನ ಹಕ್ಕನ್ನು ಆಳುವವನು ನೆನಪಿಟ್ಟುಕೊಳ್ಳುವುದು ಅವನಿಗೆ ಎಣಿಕೆಯ ಭಯ ಇರುವವರೆಗೆ ಮಾತ್ರ. ಶೇಕಡಾ 100 ಮತ ಪಡೆಯುವ ದೊರೆಗೆ ಕನ್ನಡ ಶಾಲೆಯ ಮನವಿಪತ್ರವನ್ನು ಓದುವ ಅಗತ್ಯವೇನು? 89 ಮತಗಳಿಂದ ಸೋಲಬಹುದಾದವನು ಅದನ್ನು ಓದುತ್ತಾನೆ. ನಮ್ಮ ದುರ್ಬಲತೆಗೆ ಸ್ವತಂತ್ರ ಚುನಾವಣೆಯೇ ಊರುಗೋಲು.

ಈ ಶಾಲೆ ಹುಟ್ಟಿದ ಮದರಾಸು ಆಧಿಪತ್ಯದ ಕಾಲದಲ್ಲಿ ಮತದಾನದ ಹಕ್ಕು ಆಸ್ತಿಯುಳ್ಳವರು, ತೆರಿಗೆ ಕಟ್ಟುವವರು ಮುಂತಾದ ಕೆಲವರಿಗೆ ಮಾತ್ರ ಇತ್ತು. ಗೇಣಿಯ ಒಕ್ಕಲು, ಕೂಲಿಯಾಳು, ಮನೆವಾರ್ತೆಯ ಹೆಣ್ಣುಮಕ್ಕಳು ಬಹುಪಾಲು ಹೊರಗಿದ್ದರು. 1951-52ರಲ್ಲಿ ವಯಸ್ಕರೆಲ್ಲರಿಗೂ ಆ ಹಕ್ಕು ದೊರೆತು, ಒಡೆಯನೂ ಒಕ್ಕಲೂ ಒಂದೇ ಸಾಲಿನಲ್ಲಿ ನಿಂತರು. ಆ ಸಾಲು ತಾನಾಗಿ ಉಳಿಯುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಏನು ಮಾಡಬೇಕೆಂದು ರಕ್ಷಕರಲ್ಲಿಯೂ ಅಧ್ಯಾಪಕರಲ್ಲಿಯೂ ಎರಡು ವಿನಂತಿಗಳನ್ನು ಮಾಡುತ್ತೇನೆ.

ಮೊದಲನೆಯದು ಶಾಲೆಯೊಳಗಿನದು. ತರಗತಿಯ ನಾಯಕನನ್ನು ಕೈ ಎತ್ತಿಸಿ ಆರಿಸುವ ವಾಡಿಕೆಯನ್ನು ಬಿಡೋಣ. ಮಾರ್ಕೋಸ್ ಕೈ ಎತ್ತಿಸಿದ್ದು ಏಕೆಂದು ಈಗ ನಮಗೆ ಗೊತ್ತಿದೆ. ಮಕ್ಕಳಿಗೆ ಚೀಟಿ ಕೊಡೋಣ, ಮರೆ ಕಟ್ಟೋಣ, ಎಲ್ಲರೆದುರು ಎಣಿಸೋಣ. ಎಣಿಸುವಾಗ ಸ್ಪರ್ಧಿಸಿದ ಪ್ರತಿಯೊಂದು ಮಗುವಿನ ಗೆಳೆಯನೊಬ್ಬ ಪಕ್ಕದಲ್ಲಿ ಕುಳಿತು ನೋಡಲಿ. ಸೋತ ಮಗು ಗೆದ್ದ ಮಗುವಿನ ಕೈ ಕುಲುಕುವುದನ್ನು, ಗೆದ್ದ ಮಗು ಮುಂದಿನ ವರ್ಷ ಮತ್ತೆ ಮತ ಕೇಳಬೇಕಾಗುವುದನ್ನು ಹತ್ತನೆಯ ವಯಸ್ಸಿಗೇ ಕಲಿತವರು ದೊಡ್ಡವರಾದ ಮೇಲೆ ಮರೆಯುವುದು ಕಷ್ಟ.

ಎರಡನೆಯದು ಮತಗಟ್ಟೆಯದು. ನಮ್ಮಲ್ಲಿ ಮತದಾನ ಮುಗಿದ ಮೇಲೆ ಯಂತ್ರದಲ್ಲಿ ದಾಖಲಾದ ಒಟ್ಟು ಮತಗಳ ಸಂಖ್ಯೆಯನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿ 17-ಸಿ ಎಂಬ ನಮೂನೆಯಲ್ಲಿ ಬರೆದು, ಹಾಜರಿರುವ ಅಭ್ಯರ್ಥಿಗಳ ಏಜೆಂಟರಿಗೆ ಅದರ ಪ್ರತಿಯನ್ನು ಕೊಡಬೇಕು. ದಣಿದ ಸಂಜೆಯಲ್ಲಿ ಇದೊಂದು ಬೇಸರದ ಬರವಣಿಗೆಯಾಗಿ ತೋರಬಹುದು. ಚಿಲಿಯ ಜನ ತಮ್ಮ ಸ್ವಾತಂತ್ರ್ಯವನ್ನು ಮರಳಿ ಪಡೆದದ್ದು ಇಂಥದೇ ಬೇಸರದ ಸಾವಿರಾರು ಕಾಗದಗಳಿಂದ. ಅಧ್ಯಾಪಕರು ಅದನ್ನು ಶ್ರದ್ಧೆಯಿಂದ ಬರೆಯಲಿ. ಯಾವ ಪಕ್ಷದ ಏಜೆಂಟರಾಗಿ ಕುಳಿತರೂ ನಮ್ಮ ಹಳೆ ವಿದ್ಯಾರ್ಥಿಗಳು ಅದನ್ನು ಕೇಳಿ ಪಡೆಯಲಿ. ಊರಿನವರು ವರ್ಷಕ್ಕೊಮ್ಮೆ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ನೆರೆಮನೆಯವರ ಹೆಸರನ್ನೂ ನೋಡಿಕೊಳ್ಳಲಿ.

ನೂರು ವರ್ಷಗಳಿಂದ ಈ ಶಾಲೆ ಒಂದನೆಯ ತರಗತಿಯ ಮಕ್ಕಳಿಗೆ ಮೊದಲು ಕಲಿಸಿದ್ದು ಎರಡೇ ವಿದ್ಯೆ: ಕಂಡದ್ದನ್ನು ತಪ್ಪಿಲ್ಲದೆ ಎಣಿಸುವುದು, ಎಣಿಸಿದ್ದನ್ನು ತಪ್ಪಿಲ್ಲದೆ ಬರೆಯುವುದು. ಜಗತ್ತಿನ ಬಲಿಷ್ಠ ಸರ್ವಾಧಿಕಾರಿಗಳು ಹೆದರಿದ್ದು ಈ ಎರಡು ವಿದ್ಯೆಗಳಿಗೆ. ಮುಂದಿನ ನೂರು ವರ್ಷವೂ ಅವನ್ನು ಕನ್ನಡದಲ್ಲಿಯೇ ಕಲಿಸುವ ಭಾಗ್ಯ ಈ ಶಾಲೆಗೆ ಇರಲಿ ಎಂದು ಹಾರೈಸುತ್ತೇನೆ.